ಮೂವತ್ತೊಂದನೆಯ ಪುಟದ ಆಚೆ

ರಮದಾನ್ 3, ಸೋಮವಾರ

ನನ್ನ ಕಾದಂಬರಿ ಇಂದು ಬೆಳಿಗ್ಗೆ ಅಂಚೆಯಲ್ಲಿ ವಾಪಸು ಬಂತು. ಕೈರೋದ ಪ್ರಕಾಶಕ ವಗ್ದಿ ಸಿದ್ದೀಕ್ (64) ಅದನ್ನು ಮೂವತ್ತೊಂದನೆಯ ಪುಟದವರೆಗೆ ಓದಿ ನಿಲ್ಲಿಸಿದ್ದಾರೆ. ಅವರ ಕಚೇರಿಯ ಇನ್ನಿಬ್ಬರು ಓದುಗರು ಅಲ್ಲಿಯವರೆಗೂ ಬಂದಿಲ್ಲ. ತಿದ್ದಿ ಕಳಿಸಿದರೆ ಹಬ್ಬದ ನಂತರ ಇನ್ನೊಂದೇ ಸಲ ಓದುವುದಾಗಿಯೂ, ಆಮೇಲೆ ನಮ್ಮಿಬ್ಬರ ನಡುವೆ ಸ್ನೇಹ ಮಾತ್ರ ಉಳಿಯುವುದಾಗಿಯೂ ಅವರು ತಿಳಿಸಿದ್ದಾರೆ.

ವರದಿ ಇಷ್ಟು. ಇನ್ನು ನನ್ನ ಅಭಿಪ್ರಾಯ.

ಕೈರೋದ ದಿನಪತ್ರಿಕೆಗೆ ದುಮ್ಯಾತ್‌ನಿಂದ ಮೂವತ್ತೆಂಟು ವರ್ಷ ಸುದ್ದಿ ಕಳಿಸಿದವಳು ನಾನು. ಬಂದರು, ಕೋರ್ಟು, ಪೀಠೋಪಕರಣದ ಕಾರ್ಖಾನೆಗಳ ಬೆಂಕಿ, ಸರೋವರದ ಮೀನುಗಾರರ ಜಗಳ, ಎಲ್ಲವೂ ನನ್ನ ಕೈಯಿಂದಲೇ ಹೋದವು. ಒಂದೇ ಒಂದು ವರದಿಗೂ ಮರುದಿನ ತಿದ್ದುಪಡಿ ಹಾಕುವ ಪ್ರಸಂಗ ಬರಲಿಲ್ಲ. ಈ ಮಾತನ್ನು ಎಷ್ಟು ಜನ ಹೇಳಬಲ್ಲರು? ಆದರೆ ವರದಿಗಳ ತಲೆಯ ಮೇಲೆ ಯಾವಾಗಲೂ ಇರುತ್ತಿದ್ದದ್ದು ‘ನಮ್ಮ ದುಮ್ಯಾತ್ ಪ್ರತಿನಿಧಿಯಿಂದ’ ಎಂಬ ಸಾಲು. ಹಿಕ್ಮತ್ ಬದ್ರಾನ್ ಎಂಬ ಹೆಸರು ಅಚ್ಚಾಗಲಿಲ್ಲ. ಈ ಕಾದಂಬರಿಯ ಮೇಲೆ ಅಚ್ಚಾಗಬೇಕು. ನನಗೆ ಬೇಕಾದದ್ದು ಅದೊಂದೇ, ಅದನ್ನು ಬರೆದಿಡಲು ಸಂಕೋಚವಿಲ್ಲ.

ಕಥೆ ಮಂಜಲಾ ಸರೋವರದಲ್ಲಿ ಒಂದು ದೋಣಿ ಮುಳುಗಿದ್ದರ ಬಗ್ಗೆ. ಆ ದಿನದ ಗಾಳಿಯ ವೇಗ, ನೀರಿನ ಆಳ, ಆ ವಾರದ ಮೀನಿನ ದರ, ಯಾವುದೂ ಊಹೆಯಲ್ಲ. ಎಲ್ಲವನ್ನೂ ಎರಡೆರಡು ಕಡೆ ಪರಿಶೀಲಿಸಿದ್ದೇನೆ. ಒಂದು ಕಾಲಕ್ಕೆ ಅದೇ ಪತ್ರಿಕೆಯಲ್ಲಿ ನನ್ನ ಸಂಪಾದಕರಾಗಿದ್ದ ವಗ್ದಿಗೆ ವಯಸ್ಸಾಗಿದೆ. ಓದುವ ತಾಳ್ಮೆ ಹೋಗಿದೆ.

ರಮದಾನ್ 5, ಬುಧವಾರ

ವಗ್ದಿಯವರ ಜೊತೆ ಫೋನಿನಲ್ಲಿ ಜಗಳವಾಯಿತು. ಒಮ್ಮತ ಮೂಡಲಿಲ್ಲ.

“ಹಿಕ್ಮತ್ ಹಾನಿಂ, ನಿಮ್ಮ ಊರಿನವರು ರಾತ್ರಿ ಬಂದ ಅತಿಥಿಗೆ ಏನಂತ ಕೇಳ್ತಾರೆ?” ಎಂದರು. ದೇಶಕ್ಕೆಲ್ಲ ಗೊತ್ತಿರುವ ಹಳಸಲು ಜೋಕು. ದುಮ್ಯಾತ್‌ನವರು ಜಿಪುಣರಂತೆ. ‘ಊಟ ಮಾಡ್ತೀರೋ, ಇಲ್ಲಾ ಹಗುರಾಗಿ ಮಲಗ್ತೀರೋ?’ ಎಂದು ಅತಿಥಿಯನ್ನು ಕೇಳುತ್ತಾರಂತೆ.

“ಆ ಜಿಪುಣತನ ಎಲ್ಲಿ ಹೋಯ್ತು ಅಂತ ನಾನು ಕೇಳೋದು. ಮೊದಲ ಪ್ಯಾರಾದಲ್ಲೇ ದೋಣಿ ಮುಳುಗಿಸಿದ್ರಿ, ಮೂರು ಜನರನ್ನ ಕೊಂದ್ರಿ, ಕಾರಣ ಹೇಳಿದ್ರಿ, ಹೆಂಡತಿ ಕೊನೇವರೆಗೂ ಮರುಮದುವೆ ಆಗಲ್ಲ ಅಂತಾನೂ ಹೇಳಿಬಿಟ್ರಿ. ಬಾಗಿಲಲ್ಲೇ ಪೂರ್ತಿ ಊಟ ಬಡಿಸಿದ್ರೆ ಅತಿಥಿ ಒಳಗೆ ಯಾಕೆ ಬರ್ತಾನೆ?”

“ಮುಖ್ಯ ವಿಷಯ ಮೊದಲು ಬರಬೇಕು. ನನಗೆ ಅದನ್ನ ಕಲಿಸಿದ್ದೇ ನೀವು.”

“ಪೇಪರಿಗೆ ಕಲಿಸಿದ್ದು ತಾಯೀ! ರಾತ್ರಿ ಜಾಹೀರಾತು ಬಂದ್ರೆ ವರದೀನ ಕೆಳಗಿನಿಂದ ಕತ್ತರಿಸಬೇಕಿತ್ತು, ಅದಕ್ಕೆ. ಕಾದಂಬರೀನ ಕೆಳಗಿನಿಂದ ಯಾರು ಕತ್ತರಿಸ್ತಾರೆ?”

ಫೋನ್ ಇಟ್ಟ ಮೇಲೆ ಹೊಳೆದದ್ದು ಉತ್ತರವಲ್ಲ, ಬೈಗುಳ. ಉಪವಾಸ ಕೆಡಬಾರದೆಂದು ನುಂಗಿಕೊಂಡೆ.

ರಮದಾನ್ 9, ಭಾನುವಾರ

ಶುರೂಕ್ ಹತ್ತೊಂಬತ್ತನೆಯ ಪುಟದಲ್ಲಿ ನಿಲ್ಲಿಸಿದ್ದಾಳೆ. ಶುರೂಕ್ (29) ತೀರಿಕೊಂಡ ನನ್ನ ಅಣ್ಣನ ಮಗಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳೂ ಅವಳ ತಾಯಿ ಸನಿಯ್ಯಾ (66) ಕೂಡ ನನ್ನ ಜೊತೆಗೇ ಇದ್ದಾರೆ. ಹಸ್ತಪ್ರತಿಯನ್ನು ಅವಳಿಗೆ ಮೂರು ದಿನದ ಹಿಂದೆ ಕೊಟ್ಟಿದ್ದೆ. ಗುರುತಿಗೆ ಇಟ್ಟ ಔಷಧಿ ಅಂಗಡಿಯ ಚೀಟಿ ಅಂದಿನಿಂದ ಅಲ್ಲಿಂದ ಅಲುಗಿಲ್ಲ.

“ಕೆಲಸ ಜಾಸ್ತಿ ಇತ್ತು ಅತ್ತೆ” ಎಂದಳು.

“ನಿಜ ಹೇಳು.”

“ಹತ್ತೊಂಬತ್ತು ಪುಟದಲ್ಲಿ ಹದಿನಾಲ್ಕು ಜನ ಬಂದ್ರು. ಎಲ್ಲರಿಗೂ ಪೂರ್ತಿ ಹೆಸರು, ವಯಸ್ಸು, ಕೆಲಸ, ಯಾವ ಬೀದಿ. ನಾನೇನು ಅವರಿಗೆಲ್ಲ ಮದುವೆ ಕಾಗದ ಹಂಚೋಕೆ ಹೊರಟಿದ್ದೀನಾ?”

“ವಿಳಾಸ ಇಲ್ಲದ ಮನುಷ್ಯ ಇದ್ದಾನಾ?”

“ಆ ದೋಣಿ ಬಡಗಿಗೆ ಐವತ್ತೆರಡು ವರ್ಷ ಅಂತ ತಿಳ್ಕೊಂಡೆ. ಆಮೇಲೆ ಅವನು ಮತ್ತೆ ಬರಲೇ ಇಲ್ಲ. ಅವನ ವಯಸ್ಸು ಇಟ್ಕೊಂಡು ನಾನೇನು ಮಾಡ್ಲಿ?”

ಅವಳು ಗಣಿತದವಳು. ಅಂಕಿಯನ್ನು ಪ್ರೀತಿಸಬೇಕಾದವಳೇ ಹೀಗೆ.

ರಮದಾನ್ 10, ಸೋಮವಾರ

ತಲೆನೋವು. ಏನೂ ಬರೆಯಲಿಲ್ಲ. ಬಡಗಿಯ ವಯಸ್ಸು ಐವತ್ತೆರಡೇ, ಇನ್ನೊಮ್ಮೆ ನೋಡಿದೆ.

ರಮದಾನ್ 14, ಶುಕ್ರವಾರ

ಇಫ್ತಾರ್ ಮುಗಿದ ಮೇಲೆ, ಧಾರಾವಾಹಿ ಶುರುವಾಗುವ ಮೊದಲು ಇಬ್ಬರ ಎದುರು, ಮುಳುಗಿದವನ ಹೆಂಡತಿ ಗಲೀಲಾಳ ಕಥೆ ಬರುವ ಎರಡನೆಯ ಅಧ್ಯಾಯ ಓದಿದೆ. ಫಲಿತಾಂಶ ನಿರಾಶಾದಾಯಕ. ಸನಿಯ್ಯಾ ನಿದ್ದೆ ಹೋದಳು. ಕೆಳಗಿನ ಮನೆಯ ಉಮ್ ಹಿಲಾಲ್ ನಿದ್ದೆ ಹೋಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಈ ಉಮ್ ಹಿಲಾಲ್‌ಳ ಗಂಡ ಕುರ್ಚಿಯ ಚೌಕಟ್ಟು ಮಾಡುವವನು, ಅವಳು ಮಾತಿನಲ್ಲೇ ಉಳಿ ಹೊಡೆಯುವವಳು. ನನ್ನನ್ನು ಅಬ್ಲಾ, ಅಂದರೆ ಅಕ್ಕ, ಎನ್ನುತ್ತಾಳೆ.

“ಅಬ್ಲಾ ಹಿಕ್ಮತ್, ಪ್ರವಾದಿಗಳಾಣೆ ಹೇಳಿ, ಈ ಗಲೀಲಾ ಮನುಷ್ಯಳೋ ದೇವದೂತೆಯೋ?”

“ಯಾಕೆ?”

“ಗಂಡ ಬರಲಿಲ್ಲ, ಅತ್ತೆ ಶಾಪ ಹಾಕಿದ್ಲು, ಮೀನಿನ ವ್ಯಾಪಾರಿ ಮೋಸ ಮಾಡಿದ. ಇವಳು ಎಲ್ಲದಕ್ಕೂ ದೇವರನ್ನ ಸ್ತುತಿಸ್ತಾ ಕೂತವ್ಳೆ! ನಾನಾಗಿದ್ರೆ ಆ ವ್ಯಾಪಾರಿ ಅಜ್ಜನ ಗೋರೀನೂ ಬಿಡ್ತಿರಲಿಲ್ಲ.”

ಅಷ್ಟರಲ್ಲಿ ಸನಿಯ್ಯಾ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. “ಮಾತೂ ಹಾಗೇ. ಠಾಣೆಯಲ್ಲಿ ಹೇಳಿಕೆ ಕೊಟ್ಟ ಹಾಗೆ. ಅವಳೂ ಹಾಗೇ, ಅತ್ತೇನೂ ಹಾಗೇ, ವ್ಯಾಪಾರೀನೂ ಹಾಗೇ. ಯಾರು ಮಾತಾಡ್ತಿದ್ದಾರೆ ಅಂತ ನಿದ್ದೆಯಲ್ಲಿ ಹೇಗೆ ಗೊತ್ತಾಗಬೇಕು?”

ನಾನು ಸುಮ್ಮನಿರಲಿಲ್ಲ. ಗಲೀಲಾಳ ಮೂಲ ನಿಜವಾದ ಹೆಂಗಸು, ಅವಳನ್ನು ನಾನೇ ಕಂಡು ಮಾತಾಡಿಸಿದ್ದೆ, ಅವಳು ಒಬ್ಬರ ಬಗ್ಗೆಯೂ ಕೆಟ್ಟ ಮಾತಾಡಿರಲಿಲ್ಲ, ಇದು ವರದಿಯಾಗಿದೆ ಎಂದೆ.

ಸನಿಯ್ಯಾ ಒಂದು ಕಣ್ಣು ತೆರೆದಳು. “ನಿನ್ನ ಎದುರಿಗೆ ಅಲ್ವೇನೇ? ಪೇಪರಿನವರ ಎದುರಿಗೆ ಯಾರು ತಾನೇ ಕೆಟ್ಟವರಾಗಿರ್ತಾರೆ?”

ಧಾರಾವಾಹಿ ಶುರುವಾಯಿತು. ಅದರ ನಾಯಕಿ ಬಂದವಳೇ ಅತ್ತೆಯ ಬೀಗದ ಕೈ ಕದ್ದಳು. ಇಬ್ಬರೂ ನೆಟ್ಟಗೆ ಕೂತರು.

ರಮದಾನ್ 15, ಶನಿವಾರ

ಸರೋವರದ ದಂಡೆಯಲ್ಲಿ ಆ ನಿಜವಾದ ಹೆಂಗಸು ಬಲೆ ಹೊಲಿಯುತ್ತಿದ್ದಳು. ಆಗ ನನಗೆ ಇಪ್ಪತ್ತನಾಲ್ಕು, ಅವಳಿಗೂ ಹೆಚ್ಚು ಕಡಿಮೆ ಅಷ್ಟೇ. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಬೇಡುವ ದನಿ ಇರಲಿಲ್ಲ, ಅಳು ಇರಲಿಲ್ಲ. ನಾನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ, ಬಲೆಯಿಂದ ತಲೆ ಎತ್ತದೆ ಒಂದು ಮಾತು ಹೇಳಿದಳು.

“ಅವನು ಹೋಗೋವಾಗ ನಾನು ಮಾತಾಡಿಸಲಿಲ್ಲ. ಮೂರು ದಿನದಿಂದ ಮಾತು ಬಿಟ್ಟಿದ್ದೆ.”

ಅದು ಸುದ್ದಿಯಲ್ಲ. ಹಾಗಾಗಿ ಬರೆಯಲಿಲ್ಲ, ಆಗ ಬರೆಯದಿದ್ದದ್ದು ಸರಿಯೇ. ಇಂದು ಮಾತ್ರ ಸೊಪ್ಪು ಸೋಸುತ್ತಾ ಕೂತವಳಿಗೆ ಅವಳ ಆ ಸೂಜಿ, ಅದು ಬಲೆಯ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಹೋಗುವ ರೀತಿ ಎದುರಿಗೇ ಕಂಡಿತು. ಮಾತು ಯಾಕೆ ಬಿಟ್ಟಿದ್ದಳು? ನಾನು ಕೇಳಿರಲಿಲ್ಲ. ಯಾವ ಕಡತದಲ್ಲೂ ಅದು ಸಿಗುವುದಿಲ್ಲ.

ರಮದಾನ್ 18, ಮಂಗಳವಾರ

ಮೊದಲ ಮೂವತ್ತೊಂದು ಪುಟ ತೆಗೆದುಹಾಕಿದೆ. ವಗ್ದಿಗೆ ಹೆದರಿ ಅಲ್ಲ. ಕಾಗದ ಹಳೆಯದಾಗಿತ್ತು.

ಈಗ ಕಥೆ ನಸುಕಿನಲ್ಲಿ ಶುರುವಾಗುತ್ತದೆ. ಗಲೀಲಾ ದೋಣಿಯೊಳಗಿನ ನೀರನ್ನು ಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಾಳೆ. ಚೆಲ್ಲಿದಷ್ಟೂ ನೀರು. ಕೈಯಾಡಿಸಿ ನೋಡಿದರೆ ತಳದ ಹಲಗೆಯಲ್ಲಿ ಬಿರುಕು. ಗಂಡ ಅವಳ ಬಳೆಯನ್ನು ಹೇಳದೆ ಮಾರಿದ್ದಾನೆ, ಅವಳು ಮಾತು ಬಿಟ್ಟಿದ್ದಾಳೆ. ಅವನು ಬರುವ ಹೆಜ್ಜೆ ಸಪ್ಪಳ ಕೇಳುತ್ತದೆ. ಮೊದಲು ಅವನೇ ಮಾತಾಡಿಸಲಿ ಎಂದು ಅವಳು ಡಬ್ಬಿ ಕೆಳಗಿಟ್ಟು ಸರಿದು ನಿಲ್ಲುತ್ತಾಳೆ.

ಅಲ್ಲಿಗೆ ಅಧ್ಯಾಯ ನಿಲ್ಲಿಸಿ ಎದ್ದುಬಿಟ್ಟೆ. ದುಮ್ಯಾತ್‌ನಲ್ಲಿ ಇಂದು ನನ್ನಷ್ಟು ಚೆನ್ನಾಗಿ ಬರೆದವರು ಯಾರೂ ಇರಲಾರರು.

ರಮದಾನ್ 20, ಗುರುವಾರ

ಬೆಳಿಗ್ಗೆ ಶುರೂಕ್ ಬೀಗದ ಕೈ ಹುಡುಕುತ್ತಿದ್ದಳು. ಹುಡುಕುವ ಸದ್ದು ನಿಂತಿತು. ಇಣುಕಿ ನೋಡಿದರೆ ನನ್ನ ಮೇಜಿನ ಪಕ್ಕ ನಿಂತಿದ್ದಾಳೆ, ಹೆಗಲಲ್ಲಿ ಚೀಲ, ಒಂದು ಕಾಲಿಗೆ ಮಾತ್ರ ಚಪ್ಪಲಿ.

“ಅತ್ತೆ, ಹೇಳಿದ್ಲಾ ಇಲ್ವಾ?”

“ಏನನ್ನ?”

“ಬಿರುಕಿನ ವಿಷ್ಯ!”

“ಶಾಲೆಗೆ ಹೊತ್ತಾಯ್ತು ನೋಡು.”

“ಅಯ್ಯೋ, ಹೇಳಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ.”

ನಾನು ಅಡುಗೆಮನೆಗೆ ಹೋದೆ. ಹೋಗುವಾಗ ಸುಮ್ಮನೆ ಒಂದು ಹಾಡು ಬಾಯಿಗೆ ಬಂತು. ಇಡೀ ದಿನ ಅದೇ ಹಾಡು.

ರಮದಾನ್ 22, ಶನಿವಾರ

ಮೊನ್ನೆಯ ಹಿಗ್ಗು ಇಂದು ಇಳಿಯಿತು. ಗಲೀಲಾ ರಾತ್ರಿ ದಂಡೆಯಿಂದ ಬಂದು, ಗಂಡನ ಒಣಗಿದ ಅಂಗಿಯನ್ನು ಹಗ್ಗದಿಂದ ತೆಗೆದು ಮಡಿಸುತ್ತಾಳೆ, ಮತ್ತೆ ಬಿಚ್ಚಿ ಇನ್ನೊಮ್ಮೆ ಮಡಿಸುತ್ತಾಳೆ. ಅದಾದ ಮೇಲೆ ಅವಳ ದುಃಖದ ಬಗ್ಗೆ ಮೂರು ಪ್ಯಾರಾ ಬರೆದಿದ್ದೆ. ಕಣ್ಣೀರಿನ ಸಾಗರವೂ ಇತ್ತು, ಕತ್ತಲ ಕೂಪವೂ ಇತ್ತು. ನನಗೆ ಆ ಭಾಗ ತುಂಬ ಇಷ್ಟವಾಗಿತ್ತು.

ಶುರೂಕ್ ಅದರ ಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದಳು.

“ಅಂಗಿ ಮಡಿಸಿದ್ಲಲ್ಲ, ನನಗೆ ಗಂಟಲು ಕಟ್ತು. ಅಷ್ಟರಲ್ಲಿ ನೀವು ಬಂದು ಮುಂದೆ ನಿಂತು ‘ಇದು ದುಃಖ, ಇದು ದುಃಖ’ ಅಂತ ಗಂಟೆ ಬಾರಿಸಿದ್ರಿ. ಗಂಟಲು ಸರಿಹೋಯ್ತು.”

“ಅರ್ಥವಾಗದವರಿಗೆ?”

“ಅರ್ಥವಾಗದವರು ಧಾರಾವಾಹಿ ನೋಡ್ಲಿ, ಅಲ್ಲಿ ಸಂಗೀತ ಇರುತ್ತೆ.”

ಊಟದ ಹೊತ್ತಿನವರೆಗೂ ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಎರಡು ಪ್ಯಾರಾ ತೆಗೆದೆ. ಮೂರನೆಯದನ್ನು ಮಲಗುವ ಮುಂಚೆ ತೆಗೆದೆ. ಅಂಗಿಯೊಂದೇ ಉಳಿಯಿತು.

ರಮದಾನ್ 24, ಸೋಮವಾರ

ಗುರುವಾರ ನಮ್ಮ ಮನೆಯಲ್ಲಿ ಹಬ್ಬದ ಸಿಹಿ ಬಿಸ್ಕತ್ತು ಕಹ್ಕ್ ಮಾಡುವ ದಿನ. ಆ ದಿನ ಕಾದಂಬರಿ ಓದುತ್ತೇನೆ.

ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಪ್ರಕಾಶಕನೂ ಒಡ್ಡಲಾರ. ಹೆಂಗಸರು ಮಧ್ಯಾಹ್ನದಿಂದ ನೆಲದ ಮೇಲೆ ಕೂತು ತುಪ್ಪದ ಹಿಟ್ಟು ನಾದಬೇಕು, ಖರ್ಜೂರ ತುಂಬಬೇಕು, ಒಂದೊಂದು ಉಂಡೆಯ ಮೇಲೂ ಚಿಮಟದಿಂದ ಹೂವಿನ ಗೆರೆ ಎತ್ತಬೇಕು. ಮೂಗಿನ ಮುಂದೆ ತುಪ್ಪದ ಘಮ, ಹೊಟ್ಟೆಯಲ್ಲಿ ಉಪವಾಸ, ರುಚಿ ನೋಡುವಂತಿಲ್ಲ. ಸಣ್ಣ ಮಾತಿಗೂ ಸಿಡುಕು. ಮೇಲಾಗಿ ಬಯೂಮಿಯ ಬೇಕರಿಯ ಒಲೆಯಲ್ಲಿ ಪ್ರತಿ ಮನೆಗೂ ಒಂದು ಸರದಿ. ಅವನು ಬೀದಿಯಿಂದ ಕೂಗಿದ ಕೂಡಲೇ ತಟ್ಟೆಗಳು ಇಳಿಯಬೇಕು. ಸರದಿ ತಪ್ಪಿಸಿಕೊಂಡ ಮನೆಯ ಹೆಸರನ್ನು ಬೀದಿ ಮುಂದಿನ ಹಬ್ಬದವರೆಗೂ ಆಡಿಕೊಳ್ಳುತ್ತದೆ.

ಸನಿಯ್ಯಾಳ ಒಪ್ಪಿಗೆ ಕೇಳಿದೆ.

“ಓದು. ಬೇಜಾರಾದ್ರೆ ಮಾತ್ರ ನಿನ್ನ ಮುಖ ನೋಡಿ ಸುಮ್ಮನಿರಲ್ಲ. ನನ್ನ ನಾದಿನಿಯರ ಸುದ್ದಿ ಎತ್ತಿಬಿಡ್ತೀನಿ.”

“ನಿನ್ನ ನಾದಿನಿ ನಾನೊಬ್ಬಳೇ.”

“ಅದಕ್ಕೇ ಹೇಳಿದ್ದು.”

ಇಲ್ಲಿ ಬರೆದಿಡುತ್ತೇನೆ. ಅವರು ನಡುವೆ ಬೇರೆ ಮಾತು ಎತ್ತಿದರೆ ವಗ್ದಿಗೆ ಕಳಿಸುವುದಿಲ್ಲ. ‘ನಮ್ಮ ದುಮ್ಯಾತ್ ಪ್ರತಿನಿಧಿ’ಯಾಗಿಯೇ ಇದ್ದುಬಿಡುತ್ತೇನೆ. ಸೋತ ಪುಸ್ತಕದ ಮೇಲೆ ನನ್ನ ಹೆಸರು ಬೇಡ.

ರಮದಾನ್ 27, ಗುರುವಾರ

ಸನಿಯ್ಯಾ ದೊಡ್ಡ ತಾಮ್ರದ ಬೋಗುಣಿಯಲ್ಲಿ ಕೈ ಮೊಣಕೈವರೆಗೂ ಮುಳುಗಿಸಿ ಕೂತಿದ್ದಳು. ಉಮ್ ಹಿಲಾಲ್ ಖರ್ಜೂರದ ಉಂಡೆ ಕಟ್ಟುತ್ತಿದ್ದಳು. ಶುರೂಕ್‌ಳ ಕೈಯಲ್ಲಿ ಚಿಮಟ. ಕಿಟಕಿ ತೆರೆದಿತ್ತು, ಬೀದಿಯಲ್ಲಿ ಯಾರೋ ಮಂಚದ ಹಲಗೆಗೆ ಉಪ್ಪುಕಾಗದ ಉಜ್ಜುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು ಕುರ್ಚಿ ಎಳೆದುಕೊಂಡೆ.

ಮೊದಲ ಪುಟಕ್ಕೇ ಉಮ್ ಹಿಲಾಲ್ ಬಾಯಿ ತೆರೆದಳು. ಇಷ್ಟು ಬೇಗ ಬೇರೆ ಮಾತು ಎತ್ತಿದಳು ಎಂದುಕೊಂಡೆ.

“ಬಳೆ ಮಾರಿದ್ನಾ? ಕೇಳದೆ?”

“ಕೇಳದೆ.”

“ಅವನ ಕೈಗೆ ಹುಳ ಬೀಳ. ಮುಂದೆ ಓದಿ.”

ಓದಿದೆ. ಗಂಡ ದೋಣಿ ಹತ್ತಿದ. ಗಲೀಲಾ ಮಾತಾಡಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, “ಮೂಗಿಯಾಗಿಬಿಟ್ಟೆಯೇನೇ?” ಎಂದು ಕೇಳಿದಳು. ಗಲೀಲಾ ಅತ್ತೆಗೆ ತಿರುಗಿ ಎಂದಳು, “ನಿಮ್ಮ ಮಗ ಮಾರಿದ ಬಳೆ ಜೊತೆ ನನ್ನ ನಾಲಿಗೇನೂ ಹೋಯ್ತು.” ಸನಿಯ್ಯಾ ಬೋಗುಣಿಯೊಳಗಿಂದ “ಹ್ಞಾಂ!” ಎಂದಳು. ಹೊತ್ತು ಏರಿ ಗಾಳಿ ತಿರುಗಿತು. ಎಷ್ಟು ವೇಗದ ಗಾಳಿ ಎಂದು ನಾನು ಬರೆದಿರಲಿಲ್ಲ. ದಂಡೆಯ ಜೊಂಡು ಮಲಗಿತು ಎಂದು ಬರೆದಿದ್ದೆ.

ತಟ್ಟೆಗಳು ತುಂಬುತ್ತಾ ಬಂದವು. ಮತ್ತೆ ನಿಧಾನವಾದವು. ಶುರೂಕ್ ಒಂದೇ ಉಂಡೆಯ ಮೇಲೆ ಗೆರೆ ಎಳೆದ ಕಡೆಯೇ ಮತ್ತೆ ಎಳೆಯುತ್ತಿದ್ದಳು, ಆ ಬಡಪಾಯಿ ಕಹ್ಕ್ ಚಪ್ಪಟೆಯಾಗಿ ಹೋಗಿತ್ತು. ಅಂಗಿ ಮಡಿಸುವಲ್ಲಿಗೆ ಬಂದಾಗ ಉಮ್ ಹಿಲಾಲ್ ಮುಂಗೈಯಿಂದ ಮೂಗು ಒರೆಸಿಕೊಂಡಳು, ಮೂಗಿಗೆಲ್ಲ ಖರ್ಜೂರ.

ಮರುದಿನ ಬೆಳಿಗ್ಗೆ ಸರೋವರದ ಆ ತುದಿಯಲ್ಲಿ ಒಂದು ಹಾಯಿ ಕಾಣುತ್ತದೆ. ಹೆಂಗಸರೆಲ್ಲ ದಂಡೆಗೆ ಓಡುತ್ತಾರೆ. ಆ ಪುಟ ತಿರುಗಿಸುತ್ತಿದ್ದೆ, ಬೀದಿಯಿಂದ ಕೂಗು ಬಂತು.

“ಉಮ್ ಶುರೂಕ್! ನಿಮ್ಮ ಸರದಿ! ತಟ್ಟೆ ಇಳಿಸಿ!”

ಬಯೂಮಿ. ಶುರೂಕ್‌ಳ ತಾಯಿಯನ್ನು ಕರೆಯುತ್ತಿದ್ದ. ನಾನು ಪುಟದಲ್ಲಿ ಬೆರಳಿಟ್ಟು ಮುಚ್ಚಿದೆ. ಸರದಿ ಸರದಿಯೇ. ಸನಿಯ್ಯಾ ಎದ್ದಳು, ಮೊಣಕೈಯಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು. ಕಿಟಕಿಗೆ ಹೋಗಿ ಅರ್ಧ ಮೈ ಹೊರಗೆ ಹಾಕಿದಳು.

“ಇರಪ್ಪಾ! ದೋಣಿ ಇನ್ನೂ ದಂಡೆಗೆ ಬಂದಿಲ್ಲ!”

ಕೆಳಗೆ ಉಪ್ಪುಕಾಗದದ ಸದ್ದು ನಿಂತಿತು.

“ಯಾವ ದೋಣಿ?”

ಸನಿಯ್ಯಾ ವಾಪಸು ಬಂದು ಕೂತಳು. “ಓದೇ ಹಿಕ್ಮತ್.” ಅರವತ್ತಾರು ವರ್ಷದಲ್ಲಿ ಒಲೆಯ ಸರದಿ ಒಂದು ಸಲವೂ ತಪ್ಪಿಸಿದವಳಲ್ಲ.

ಎರಡು ಸಾಲು ಓದುವಷ್ಟರಲ್ಲಿ ಬಯೂಮಿಯೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ, ಉಸಿರು ಬಿಡುತ್ತಾ, ರೆಪ್ಪೆಯ ಮೇಲೆಲ್ಲ ಹಿಟ್ಟು. “ನಿಮಗೆ ಬುದ್ಧಿ ಇದೆಯಾ? ಒಲೆ ಖಾಲಿ ಉರೀತಿದೆ! ಹಿಂದಿನವರಿಗೆ ಕೊಟ್ಬಿಡ್ತೀನಿ ನೋಡಿ.”

“ಕೊಟ್ಬಿಡು” ಎಂದಳು ಸನಿಯ್ಯಾ. “ಬಾಗಿಲಲ್ಲಿ ನಿಂತು ಬೆಳಕು ತಡೀಬೇಡ.”

ಅವನು ಹೋಗಲಿಲ್ಲ. “ಯಾವ ದೋಣಿ ಅಂದ್ರಿ?”

ಮೂವರೂ ಒಟ್ಟಿಗೆ ಶುರುಮಾಡಿದರು.

“ಗಲೀಲಾ ಅಂತ, ಸರೋವರದವಳು. ಗಂಡ ದೋಣಿ ತಗೊಂಡು ಹೋದೋನು ವಾಪಸು ಬಂದಿಲ್ಲ.”

“ದೋಣಿ ತಳ ಬಿರುಕು ಬಿಟ್ಟಿತ್ತು. ಅವಳಿಗೆ ಗೊತ್ತಿತ್ತು, ಹೇಳ್ಲಿಲ್ಲ.”

“ಗೊತ್ತಿದ್ದೂ ಹೇಳ್ಲಿಲ್ವಾ? ಎಂಥ ಹೆಂಗಸು!” ಎಂದ ಬಯೂಮಿ.

“ಮಾತು ಬಿಟ್ಟಿದ್ಲು ಕಣಯ್ಯಾ. ನೀನು ನಿನ್ನ ತಮ್ಮನ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆಯ್ತು? ಅವನ ಮನೆ ಸೂರು ಸೋರ್ತಿದ್ರೆ ಹೋಗಿ ಹೇಳ್ತೀಯಾ?”

ಬಯೂಮಿ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಈಗ ದೂರದಲ್ಲಿ ಒಂದು ಹಾಯಿ ಕಾಣಿಸ್ತಿದೆ” ಎಂದಳು ಶುರೂಕ್. “ಅವನದೋ ಬೇರೆಯವರದೋ ಗೊತ್ತಿಲ್ಲ.”

“ಹತ್ರ ಬಂದ್ರೆ ಗೊತ್ತಾಗುತ್ತೆ. ಅವನದು ಹಸಿರು ದೋಣಿ” ಎಂದಳು ಉಮ್ ಹಿಲಾಲ್.

ದೋಣಿ ನೀಲಿ. ಹಾಗೆಂದು ಬರೆದಿದ್ದೇನೆ, ಬಂದರಿನ ದಾಖಲೆಯಲ್ಲೂ ನೀಲಿ ಎಂದೇ ಇದೆ, ನಾನೇ ಹೋಗಿ ನೋಡಿ ಬಂದಿದ್ದೆ. ಅವಳು ಆ ಮಾತು ಹೇಳುವಾಗ ಖರ್ಜೂರ ಹತ್ತಿದ ಕೈಯನ್ನು ಕಿಟಕಿಯ ಕಡೆ ಚಾಚಿದ್ದಳು, ಅಲ್ಲೇ ಎದುರಿಗೆ ಅದು ತೇಲಿಕೊಂಡು ಬರುತ್ತಿರುವ ಹಾಗೆ. ಬಯೂಮಿಯೂ ಆ ಕಡೆ ತಿರುಗಿ ನೋಡಿದ.

ಆಮೇಲೆ ಅವನು ಮಗುಚಿಟ್ಟ ಬಾಂಡಲಿಯ ಮೇಲೆ ಕೂತ. “ಓದಿ ಅಬ್ಲಾ” ಎಂದ. ಕೆಳಗೆ ಯಾರೋ ಅವನ ಹೆಸರು ಹಿಡಿದು ಕೂಗುತ್ತಿದ್ದರು, ಅವನು ಓಗೊಡಲಿಲ್ಲ. ಇಫ್ತಾರಿನ ತೋಪು ಹಾರುವವರೆಗೂ ಓದಿದೆ. ಕೊನೆಯ ಪುಟ ಮುಗಿದ ಮೇಲೂ ಉಪವಾಸ ಬಿಡುವ ಖರ್ಜೂರಕ್ಕೆ ಮೊದಲು ಕೈ ಚಾಚಿದವರು ಯಾರೂ ಇಲ್ಲ.

ನಮ್ಮ ಕಹ್ಕ್ ಇನ್ನೂ ಬೆಂದಿಲ್ಲ. ಒದ್ದೆ ಬಟ್ಟೆ ಮುಚ್ಚಿ ಕೋಣೆಯ ತುಂಬ ಇಟ್ಟಿದ್ದೇವೆ, ಕಾಲಿಡಲು ಜಾಗವಿಲ್ಲ. ಬೀದಿಗೆ ಆಗಲೇ ಸುದ್ದಿ ಮುಟ್ಟಿದೆಯಂತೆ. ಸನಿಯ್ಯಾ ಬಾಲ್ಕನಿಯಲ್ಲಿ ತಾನಾಗಿಯೇ ನಿಂತು ಎಲ್ಲರಿಗೂ ಹೇಳುತ್ತಿದ್ದಾಳೆ.

ಶನಿವಾರ ಅಂಚೆ ಕಚೇರಿ ತೆರೆಯುತ್ತದೆ, ವಗ್ದಿಗೆ ಕಳಿಸುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸವಿದೆ. ನೀಲಿ ಎಂದಿರುವಲ್ಲೆಲ್ಲ ಹಸಿರು ಮಾಡಬೇಕು.